ಹೊಲಿಗೆ ಬಿಚ್ಚಿದ ಮೇಲಿನ ಬಿಸಿಲು

ನನ್ನ ಎಡಗೈ ಮೇಲೆ ಒಂದು ಗೀಟಿದೆ. ಕಿರುಬೆರಳಿನ ಬದಿಯಲ್ಲಿ, ಮೊಣಕೈಗೆ ಸ್ವಲ್ಪ ಕೆಳಗೆ ಶುರುವಾಗಿ ಮಣಿಕಟ್ಟಿನ ಕಡೆಗೆ ಹನ್ನೊಂದು ಸೆಂಟಿಮೀಟರ್ ಉದ್ದ. ಸ್ಕೇಲ್ ಇಟ್ಟು ಅಳೆದಿದ್ದೇನೆ. ಸಿವಿಲ್ ಬ್ರಾಂಚ್‌ನವರು ಅಳೆಯದೆ ಬಿಡೋದುಂಟೇ? ಈ ಗೀಟಿಗೆ ಎರಡು ಬಣ್ಣ. ಮೇಲಿನ ನಾಲ್ಕು ಸೆಂಟಿಮೀಟರ್ ಸುತ್ತಲಿನ ಚರ್ಮಕ್ಕಿಂತ ತುಸು ತಿಳಿ, ಹತ್ತಿರ ಬಂದು ನೋಡಿದರೆ ಮಾತ್ರ ಕಾಣುತ್ತದೆ. ಕೆಳಗಿನ ಏಳು ಸೆಂಟಿಮೀಟರ್ ಕಾಫಿ ಡಿಕಾಕ್ಷನ್ ಬಣ್ಣ, ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತವರಿಗೂ ಕಾಣುತ್ತದೆ. ಕುಯ್ದ ಡಾಕ್ಟರು ಒಬ್ಬರೇ, ಕುಯ್ದ ದಿನ ಒಂದೇ, ಚರ್ಮವೂ ಒಂದೇ. ಮೇಲಿನ ಭಾಗದ ಮೇಲೆ ಮಡಚಿದ ಶರ್ಟಿನ ತೋಳು ಇತ್ತು, ಕೆಳಗಿನದರ ಮೇಲೆ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ನಡೆದದ್ದು ಹೀಗೆ. ಹೋದ ವರ್ಷಕ್ಕೂ ಹಿಂದಿನ ನವೆಂಬರ್‌ನಲ್ಲಿ ಮಳೆ ಬಿದ್ದ ರಸ್ತೆಯಲ್ಲಿ ಬೈಕ್ ಜಾರಿ ಮುಂಗೈನ ಎರಡು ಮೂಳೆಗಳಲ್ಲಿ ಒಂದು ಮುರಿಯಿತು. ಪ್ಲೇಟ್ ಹಾಕಿ ಆರು ಸ್ಕ್ರೂ ಬಿಗಿದರು. ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು. ನನ್ನ ಪ್ರಕಾರ ಅಲ್ಲಿಗೆ ಚರ್ಮದ ಅಧ್ಯಾಯ ಮುಗಿಯಿತು, ಉಳಿದದ್ದು ಮೂಳೆಯ ವಿಚಾರ. ಎಕ್ಸ್‌ರೇ ನೋಡುವಾಗಲೂ ಮೂಳೆ ಕೂಡಿತಾ, ಪ್ಲೇಟು ಯಾವಾಗ ತೆಗೀತಾರೆ ಅಂತಷ್ಟೇ ಕೇಳುತ್ತಿದ್ದೆ. ಬಿಸಿಲಿನ ವಿಷಯ ಯಾರೋ ಹೇಳಿಯೂ ಇರಬಹುದು, ನನ್ನ ಕಿವಿಗೆ ಬಿದ್ದಿಲ್ಲ.

ಫೆಬ್ರವರಿಯಲ್ಲಿ ಎಕ್ಸ್‌ಟೆನ್ಸಿವ್ ಸರ್ವೆ ಬಂತು. ತುಮಕೂರು ಕಡೆಯ ಒಂದು ಹಳೇ ಕೆರೆ, ಹತ್ತು ದಿನದ ಕ್ಯಾಂಪ್. ಕೈ ಇನ್ನೂ ಪೂರ್ತಿ ಸರಿಯಾಗಿಲ್ಲ ಅಂತ ನನಗೆ ಕನಿಕರದಿಂದ ಸ್ಟಾಫ್ ಹಿಡಿಯೋ ಕೆಲಸ ಕೊಟ್ಟರು. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕೆರೆ ಏರಿ ಮೇಲೆ ನೆರಳಿಲ್ಲದ ಕಡೆ ನಿಲ್ಲುವುದು. ತಲೆಗೆ ಟೋಪಿ ಇತ್ತು, ತೋಳು ಮಾತ್ರ ಮಡಚಿಕೊಂಡಿದ್ದೆ. ಹೋಗುವಾಗ ಇಡೀ ಗೀಟು ಒಂದೇ ತೆರನಾಗಿ ಗುಲಾಬಿ ಬಣ್ಣಕ್ಕಿತ್ತು. ವಾಪಸ್ ಬಂದು ಒಂದೆರಡು ವಾರದಲ್ಲಿ ತೋಳಿನ ಮಡಿಕೆ ಎಲ್ಲಿತ್ತೋ ಅಲ್ಲಿ ಸರಿಯಾಗಿ ಬೌಂಡರಿ ಲೈನ್ ಬಿದ್ದಿತ್ತು. ಕೈಯ ಉಳಿದ ಚರ್ಮವೂ ಕಪ್ಪಾಗಿತ್ತು, ಆದರೆ ಅದು ಏಪ್ರಿಲ್ ಹೊತ್ತಿಗೆ ಮೊದಲಿನಂತಾಯಿತು. ಗೀಟಿನ ಕಪ್ಪು ಇಂದಿಗೂ ಇದೆ.

ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳಿದ ಪ್ರಶ್ನೆ, "ಆಪರೇಷನ್ ಆಗಿ ಎಷ್ಟು ತಿಂಗಳಿಗೆ ಬಿಸಿಲಿಗೆ ಹೋದೆ?" ಮೂರು ತಿಂಗಳು ಅಂದೆ. "ಗಾಯ ಆರಿತ್ತಾ?" ಪೂರ್ತಿ ಆರಿತ್ತು ಸಾರ್ ಅಂದೆ. ಅವರು ನಕ್ಕರು. ಆ ನಗು ಯಾಕೆ ಅಂತ ಆಮೇಲೆ ಓದಿಕೊಂಡು ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬ್ರಾಂಚ್‌ನವರಿಗೆ ಕಾಂಕ್ರೀಟ್ ಉದಾಹರಣೆ ಬೇಗ ತಲೆಗೆ ಹೋಗುತ್ತದೆ. ಸ್ಲ್ಯಾಬ್ ಹಾಕಿದ ಮರುದಿನ ಅದರ ಮೇಲೆ ನಡೆಯಬಹುದು, ನೋಡೋಕೆ ಗಟ್ಟಿ. ಆದರೂ ಗೋಣಿಚೀಲ ಹೊದಿಸಿ ದಿನಾ ನೀರು ಹಾಕುತ್ತೇವೆ, ಕ್ಯೂಬ್ ಟೆಸ್ಟ್‌ಗೆ 28 ದಿನ ಕಾಯುತ್ತೇವೆ. ಯಾಕೆಂದರೆ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಗಾಯವೂ ಹಾಗೇ. ಹೊಲಿಗೆ ಬಿಚ್ಚುವುದು ಅಂದರೆ ಸೆಂಟ್ರಿಂಗ್ ತೆಗೆದ ಹಾಗೆ, ಕಟ್ಟಡ ಮುಗಿಯಿತು ಅಂತಲ್ಲ. ಒಂದು ವಾರದ ಗಾಯಕ್ಕೆ ಮೂಲ ಚರ್ಮದ ಬಲದಲ್ಲಿ ಶೇ. 3ರಷ್ಟು ಮಾತ್ರ ಇರುತ್ತದೆ. ಮೂರನೇ ವಾರಕ್ಕೆ ಶೇ. 20ರಿಂದ 30. ಮೂರು ತಿಂಗಳಿಗೆ ಶೇ. 80ರ ಆಸುಪಾಸು, ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತದೆ. ಹಳೆಯ ನೂರಕ್ಕೆ ಮತ್ತೆ ಮುಟ್ಟುವುದಿಲ್ಲ. ಶುರುವಿನಲ್ಲಿ ದೇಹ ಕೈಗೆ ಸಿಕ್ಕ ಹಾಗೆ ತೆಳು ಕೊಲಾಜೆನ್ ಎಳೆಗಳನ್ನು ತುಂಬಿಸಿ ಬಿರುಕು ಮುಚ್ಚುತ್ತದೆ. ಆಮೇಲೆ ನಿಧಾನವಾಗಿ ಅವನ್ನು ಕಿತ್ತು, ಗಟ್ಟಿ ಜಾತಿಯ ಕೊಲಾಜೆನ್ ಹಾಕಿ, ಎಳೆತ ಇರುವ ದಿಕ್ಕಿಗೆ ಜೋಡಿಸುತ್ತದೆ. ಈ ರಿಪೇರಿ ಒಂದು ವರ್ಷ, ಕೆಲವರಲ್ಲಿ ಒಂದೂವರೆ ವರ್ಷ ನಡೆಯುತ್ತದೆ. ಗೀಟು ಗುಲಾಬಿ ಬಣ್ಣದಲ್ಲಿ ಇರುವಷ್ಟು ದಿನ ಅಲ್ಲಿ ರಕ್ತನಾಳಗಳು ಹೆಚ್ಚಿವೆ, ಕೆಲಸ ಜಾರಿಯಲ್ಲಿದೆ ಅಂತ ಅರ್ಥ.

ಈ ಕೆಲಸದ ಮಧ್ಯೆ ಬಣ್ಣದ ಕಥೆ ಬರುತ್ತದೆ. ಚರ್ಮದ ಮೇಲ್ಪದರದ ತಳದಲ್ಲಿ ಮೆಲನಿನ್ ತಯಾರಿಸುವ ಜೀವಕೋಶಗಳಿವೆ. ಅವು ತಯಾರಿಸಿದ ಬಣ್ಣವನ್ನು ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ; ಆ ಕೋಶಗಳು ಬಣ್ಣವನ್ನು ತಮ್ಮ ಡಿಎನ್‌ಎ ಮೇಲೆ ಕೊಡೆಯಂತೆ ಹಿಡಿಯುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ತಯಾರಿ ಹೆಚ್ಚಾಗುತ್ತದೆ, ಅದು ಆರೋಗ್ಯವಂತ ಚರ್ಮದ ಲಕ್ಷಣವೇ. ಆದರೆ ಉರಿಯೂತ ಇರುವ ಜಾಗದಲ್ಲಿ ಇದೇ ಕೋಶಗಳಿಗೆ ಗಾಯದ ಕಡೆಯಿಂದಲೂ ಸಿಗ್ನಲ್ ಹೋಗುತ್ತಿರುತ್ತದೆ, ಅವು ಆಗಲೇ ಕೆರಳಿ ಕೂತಿರುತ್ತವೆ. ಅದರ ಮೇಲೆ ಬಿಸಿಲು ಬಿದ್ದರೆ ಮಿತಿ ಮೀರಿ ಬಣ್ಣ ಸುರಿಯುತ್ತವೆ. ಕೆಲವೊಮ್ಮೆ ಬಣ್ಣ ಮೇಲ್ಪದರ ದಾಟಿ ಕೆಳಪದರಕ್ಕೂ ಇಳಿಯುತ್ತದೆ. ಮೇಲ್ಪದರದ ಚರ್ಮ ಉದುರಿ ಹೊಸದು ಬರುವುದರಿಂದ ಅಲ್ಲಿನ ಕಪ್ಪು ತಿಂಗಳುಗಳಲ್ಲಿ ಹೋಗುತ್ತದೆ. ಕೆಳಗಿಳಿದದ್ದು ವರ್ಷಗಟ್ಟಲೆ ಉಳಿಯಬಹುದು. ನನ್ನ ಏಳು ಸೆಂಟಿಮೀಟರ್ ಹಠ ಹಿಡಿದಿರುವುದು ಇದಕ್ಕೇ ಅಂತ ಡಾಕ್ಟರ ಅಂದಾಜು.

"ನಮ್ಮದು ಕಪ್ಪು ಚರ್ಮ, ನಮಗೆ ಬಿಸಿಲು ಏನೂ ಮಾಡಲ್ಲ" ಅನ್ನುವುದು ಹಾಸ್ಟೆಲ್‌ನಲ್ಲಿ ದಿನಾ ಕೇಳುವ ಮಾತು. ಅರ್ಧ ನಿಜ. ಬಿಳಿಯರಷ್ಟು ಬೇಗ ನಮ್ಮ ಚರ್ಮ ಸುಡುವುದಿಲ್ಲ. ಆದರೆ ಗಾಯವಾದ ಮೇಲೆ ಕಪ್ಪಾಗುವ ವಿಷಯದಲ್ಲಿ ನಮ್ಮಂಥ ಕಂದು, ಕಪ್ಪು ಚರ್ಮದವರೇ ಮುಂದೆ. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಚುಕ್ಕೆ ಇದಕ್ಕೆ ಸಾಕ್ಷಿ, ಪ್ರತಿ ರೂಮಿನಲ್ಲೂ ಒಂದು ಸ್ಯಾಂಪಲ್ ಸಿಗುತ್ತದೆ.

ಇನ್ನು ಬಿಸಿಲು. ನಾವು ಬಿಸಿಲನ್ನು ಸೆಕೆಯಿಂದ ಅಳೆಯುತ್ತೇವೆ, ತಪ್ಪಾಗುವುದು ಅಲ್ಲೇ. ಮೈಗೆ ಬಿಸಿ ಅನ್ನಿಸುವುದು ಅವಕೆಂಪು ಕಿರಣ. ಕಲೆಯನ್ನು ಕಪ್ಪು ಮಾಡುವ ಅತಿನೇರಳೆಯನ್ನು ಚರ್ಮ ಆ ಹೊತ್ತಿಗೆ ಗುರುತಿಸುವುದೇ ಇಲ್ಲ. ಹಾಗಾಗಿ ಬೆಂಗಳೂರಿನ ತಣ್ಣನೆಯ ಗಾಳಿ, ತೆಳು ಮೋಡ ಇರುವ ಮಧ್ಯಾಹ್ನ ನಮಗೆ ಮೋಸ ಮಾಡುತ್ತದೆ. ತೆಳು ಮೋಡದ ಮೂಲಕ ಬಹುಪಾಲು ಅತಿನೇರಳೆ ಇಳಿದುಬರುತ್ತದೆ. ಮೇಲೆ ಹೋದಷ್ಟೂ ಅದು ಹೆಚ್ಚು, ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ. 10. ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಮುಳ್ಳಯ್ಯನಗಿರಿ ಟ್ರೆಕ್‌ನಲ್ಲಿ ಚಳಿ ಅಂತ ಜಾಕೆಟ್ ಹಾಕಿ ಮುಖ ಮಾತ್ರ ತೆರೆದಿಟ್ಟವರು ಇದನ್ನು ನೆನಪಿಡಿ, ಗಲ್ಲದ ಮೇಲೆ ಹೊಸ ಹೊಲಿಗೆ ಗುರುತಿದ್ದರೆ ಇನ್ನೂ.

ಅತಿನೇರಳೆಯನ್ನು ಅಳೆಯಲು ಯುವಿ ಸೂಚ್ಯಂಕ ಅಂತ ಇದೆ, ಫೋನಿನ ಹವಾಮಾನ ಆ್ಯಪ್‌ನಲ್ಲೇ ತೋರಿಸುತ್ತದೆ. 3 ದಾಟಿದರೆ ರಕ್ಷಣೆ ಬೇಕು, 8 ದಾಟಿದರೆ ಬಹಳ ಹೆಚ್ಚು, 11 ಮತ್ತು ಮೇಲೆ ಅಂದರೆ ವಿಪರೀತ. ನಮ್ಮ ಕಡೆ ಬೇಸಿಗೆಯ ನಡುಹಗಲು 11 ಮುಟ್ಟುವುದು ಮಾಮೂಲು. ಕಾರಣ ಸರಳ: ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು, ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಕಂಬ ನಿಲ್ಲಿಸಿ ಫೋಟೋ ಹಾಕುತ್ತೇವಲ್ಲ, ಅದೇ. ಆ್ಯಪ್ ಇಲ್ಲದಿದ್ದರೂ ಪರವಾಗಿಲ್ಲ, ನಿಮ್ಮ ನೆರಳನ್ನೇ ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಅತಿನೇರಳೆ ಜೋರಾಗಿದೆ. ಸರ್ವೆ ಮಾಡುವವನಿಗೆ ಇದಕ್ಕಿಂತ ಸುಲಭದ ಉಪಕರಣ ಬೇಕಾ? ಹತ್ತು ದಿನ ನನ್ನ ಗಿಡ್ಡ ನೆರಳಿನ ಮೇಲೆ ನಾನೇ ನಿಂತಿದ್ದೆ, ಆಗ ಗೊತ್ತಿರಲಿಲ್ಲ.

ಅತಿನೇರಳೆಯಲ್ಲಿ ನಮಗೆ ಸಂಬಂಧಿಸಿದ ಎರಡು ಜಾತಿ. 320 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಯುವಿ-ಬಿ ಚರ್ಮ ಸುಡುವಂಥದ್ದು. 320ರಿಂದ 400ರ ಯುವಿ-ಎ ಆಳಕ್ಕೆ ಇಳಿಯುವಂಥದ್ದು. ಮಾಮೂಲಿ ಕಿಟಕಿ ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯನ್ನು ಬಹುಪಾಲು ಬಿಡುತ್ತದೆ. ಕಾರಿನ ಮುಂದಿನ ಗಾಜು ಪದರ ಪದರವಾಗಿ ಅಂಟಿಸಿದ್ದು, ಅದು ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಪಕ್ಕದ ಗಾಜುಗಳನ್ನು ನಂಬುವ ಹಾಗಿಲ್ಲ. ದಿನಾ ಎರಡು ಗಂಟೆ ಬಸ್ಸಿನ ಕಿಟಕಿ ಪಕ್ಕ ಕೈ ಇಟ್ಟು ಬರುವವರು ಬಿಸಿಲಿನ ಕಡೆಯ ಸೀಟು ಬಿಟ್ಟು ಆ ಕಡೆ ಕೂರಬಹುದು, ಖರ್ಚಿಲ್ಲದ ಉಪಾಯ.

ಸರಿ, ಏನು ಮಾಡಬೇಕು?

ಮೊದಲ ಮಾತು, ಹೊಲಿಗೆ ಇರುವಾಗ, ಹಕ್ಕಳೆ ಇರುವಾಗ, ಗಾಯದಲ್ಲಿ ತೇವ ಇರುವಾಗ ಯಾವ ಸನ್‌ಸ್ಕ್ರೀನ್ ಕೂಡ ಹಚ್ಚಬೇಡಿ. ಅದು ಮುಚ್ಚಿದ ಚರ್ಮಕ್ಕೆ ಮಾಡಿದ್ದು, ತೆರೆದ ಗಾಯಕ್ಕಲ್ಲ. ಆ ವಾರಗಳಲ್ಲಿ ಡಾಕ್ಟರು ಹೇಳಿದ ಬ್ಯಾಂಡೇಜು, ಅದರ ಮೇಲೆ ಬಟ್ಟೆ, ಅಷ್ಟೇ. ಹಕ್ಕಳೆ ತಾನಾಗಿ ಉದುರಿ ಚರ್ಮ ಒಣಗಿ ಮುಚ್ಚಿಕೊಂಡ ಮೇಲೆ ಕ್ರೀಮಿನ ಮಾತು, ಅದೂ ನಿಮ್ಮ ಡಾಕ್ಟರನ್ನು ಒಂದು ಸಲ ಕೇಳಿ.

ಎರಡನೆಯದು, ಕ್ರೀಮಿಗಿಂತ ಬಟ್ಟೆ ಮೇಲು. ಬಟ್ಟೆ ಎರಡು ಗಂಟೆಗೊಮ್ಮೆ ಹಚ್ಚಬೇಕಿಲ್ಲ, ಬೆವರಿಗೆ ಇಳಿದು ಹೋಗಲ್ಲ. ಆದರೆ ಎಲ್ಲ ಬಟ್ಟೆಯೂ ಒಂದೇ ಅಲ್ಲ. ತೆಳು ಬಿಳಿ ಹತ್ತಿ ಟೀಶರ್ಟ್ ಅತಿನೇರಳೆಯ ಆರರಲ್ಲಿ, ಏಳರಲ್ಲಿ ಒಂದು ಪಾಲನ್ನು ಒಳಕ್ಕೆ ಬಿಡುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಗಾಢ ಬಣ್ಣದ, ಒತ್ತಾಗಿ ನೇಯ್ದ ಬಟ್ಟೆ ಒಳ್ಳೆಯದು. ಪರೀಕ್ಷೆ ಬೇಕಾದರೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿ: ಆಚೆಯದು ಕಂಡರೆ ಬೆಳಕೂ ನುಸುಳುತ್ತದೆ. ನನ್ನ ಶರ್ಟಿನ ತೋಳು ಮೂರು ಸಲ ಮಡಚಿತ್ತು, ಅಂದರೆ ಹಲವು ಪದರ. ಮೇಲಿನ ನಾಲ್ಕು ಸೆಂಟಿಮೀಟರ್ ಅಷ್ಟು ಚೆನ್ನಾಗಿ ಉಳಿದದ್ದು ಅದಕ್ಕೇ ಇರಬೇಕು. ಬಟ್ಟೆ ನಿಲ್ಲದ ಜಾಗ, ಅಂದರೆ ಗಲ್ಲ, ಹಣೆ, ಬೆರಳು ಇಂಥ ಕಡೆ ಮೆಡಿಕಲ್ ಶಾಪಿನಲ್ಲಿ ಸಿಗುವ ಚರ್ಮದ ಬಣ್ಣದ ಕಾಗದದ ಟೇಪನ್ನು ಗೀಟಿನ ಉದ್ದಕ್ಕೆ ಅಂಟಿಸಬಹುದು. ಅದು ಬಿಸಿಲನ್ನೂ ತಡೆಯುತ್ತದೆ, ಗೀಟು ಅಗಲವಾಗದಂತೆ ಎಳೆತವನ್ನೂ ಕಡಿಮೆ ಮಾಡುತ್ತದೆ. ಕೀಳುವಾಗ ಒದ್ದೆ ಮಾಡಿ ನಿಧಾನಕ್ಕೆ ಕೀಳಿ, ಮೀಸೆ ಇರುವವರು ವಿಶೇಷವಾಗಿ.

ಮೂರನೆಯದು ಸನ್‌ಸ್ಕ್ರೀನ್. ಇದರ ಮೇಲಿನ ನಂಬರುಗಳನ್ನು ಅರ್ಥ ಮಾಡಿಕೊಂಡರೆ ಜಾಹೀರಾತಿಗೆ ಬೀಳಲ್ಲ. ಎಸ್‌ಪಿಎಫ್ ಅನ್ನುವುದು ಒಂದು ಅನುಪಾತ. ಎಸ್‌ಪಿಎಫ್ 30 ಇದ್ದರೆ ಸುಡುವ ಕಿರಣದ ಮೂವತ್ತರಲ್ಲಿ ಒಂದು ಪಾಲು ಒಳಗೆ ಹೋಗುತ್ತದೆ, ಅಂದರೆ ಶೇ. 97ರಷ್ಟು ತಡೆ, 50 ಇದ್ದರೆ ಶೇ. 98. ನೂರು ಅಂತ ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿ-ಬಿ ಬಗ್ಗೆ. ಯುವಿ-ಎಗೆ ಪಿಎ ಅಂತ ಬರೆದು ಮುಂದೆ ಪ್ಲಸ್ ಗುರುತು ಹಾಕಿರುತ್ತಾರೆ, ನಾಲ್ಕು ಪ್ಲಸ್ ಗರಿಷ್ಠ. ಕಲೆಗೆ ಕೊಳ್ಳುವಾಗ ಮೂರೋ ನಾಲ್ಕೋ ಪ್ಲಸ್ ಇರುವುದನ್ನು ನೋಡಿ.

ಇಲ್ಲಿ ಒಂದು ಲೆಕ್ಕ. "ಅಷ್ಟು ದುಡ್ಡು ಯಾರು ಹಾಕ್ತಾರೆ ಮಾರಾಯ" ಅನ್ನುವವರಿಗಾಗಿ. ಎಸ್‌ಪಿಎಫ್ ಪರೀಕ್ಷೆ ಮಾಡುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ನನ್ನ ಗೀಟು 11 ಸೆಂಟಿಮೀಟರ್, ಅಕ್ಕಪಕ್ಕದ ಚರ್ಮ ಸೇರಿಸಿ ಅಗಲ 3 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಒಟ್ಟು 33 ಚದರ ಸೆಂಟಿಮೀಟರ್. ಒಂದು ಸಲಕ್ಕೆ 66 ಮಿಲಿಗ್ರಾಂ, ಮೂರ್ನಾಲ್ಕು ಅಕ್ಕಿ ಕಾಳಿನಷ್ಟು. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ, ದಿನಕ್ಕೆ ಮೂರು ಸಲ ಅಂದರೆ ಸುಮಾರು 200 ಮಿಲಿಗ್ರಾಂ. 50 ಗ್ರಾಂ ಟ್ಯೂಬು 250 ದಿನ ಬರುತ್ತದೆ! ಟ್ಯೂಬಿಗೆ ಐನೂರು ರೂಪಾಯಿ ಅಂದರೂ ದಿನಕ್ಕೆ ಎರಡು ರೂಪಾಯಿ, ಕ್ಯಾಂಟೀನ್ ಟೀಗಿಂತ ಕಡಿಮೆ. ಇಡೀ ಮೈಗೆ ಹಚ್ಚಿಕೊಳ್ಳುವವರ ಖರ್ಚು ಬೇರೆ, ನಮಗೆ ಬೇಕಿರುವುದು ಒಂದು ಗೀಟಿಗೆ. ಹಾಗಾಗಿ ಜಿಪುಣತನ ಬೇಡ, ಧಾರಾಳವಾಗಿ ಹಚ್ಚಿ. ತೆಳ್ಳಗೆ ಸವರಿದರೆ ಟ್ಯೂಬಿನ ಮೇಲೆ ಬರೆದ ನಂಬರು ಚರ್ಮದ ಮೇಲೆ ಸಿಗುವುದಿಲ್ಲ. ಹೊರಗೆ ಹೋಗುವ ಹದಿನೈದು ನಿಮಿಷ ಮುಂಚೆ ಹಚ್ಚಿ.

ಇನ್ನೊಂದು ವಿಷಯ ನನಗೂ ಹೊಸದು. ನಮ್ಮಂಥ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ-ನೇರಳೆ ಭಾಗ, ಕಪ್ಪು ಮಾಡುತ್ತದೆ. ಪಾರದರ್ಶಕವಾಗಿ ಕಾಣುವ ಕ್ರೀಮು ಆ ಬೆಳಕನ್ನು ತಡೆಯುವುದಿಲ್ಲ, ಪಾರದರ್ಶಕ ಅಂದರೇ ಅದು ಅಲ್ವಾ? ಅದಕ್ಕೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಬರುತ್ತದೆ, ಒಳಗಿರುವುದು ಕಬ್ಬಿಣದ ಆಕ್ಸೈಡ್. ನಮ್ಮೂರ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಅದೇ. ಹಾಗಂತ ಗಾಯಕ್ಕೆ ಮಣ್ಣು ಮೆತ್ತಲು ಹೋಗಬೇಡಿ, ಧನುರ್ವಾಯು ಬಂದೀತು.

ಮನೆಮದ್ದಿನ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಕೈ ನೋಡಿದ ಅಜ್ಜಿಯರೆಲ್ಲ ಹೇಳಿದ್ದು ನಿಂಬೆಹಣ್ಣು. "ಹೋಳು ಉಜ್ಜಿ ಬಿಸಿಲಿಗೆ ಹಿಡಿ, ಕಪ್ಪೆಲ್ಲ ಕಿತ್ಕೊಂಡು ಬರುತ್ತೆ." ಇದು ತಿರುಗುಬಾಣ. ನಿಂಬೆಯ ಸಿಪ್ಪೆ, ರಸದಲ್ಲಿ ಫ್ಯುರೊಕೌಮರಿನ್ ಅನ್ನುವ ರಾಸಾಯನಿಕಗಳಿವೆ. ಚರ್ಮದ ಮೇಲಿದ್ದು ಯುವಿ-ಎ ಬಿದ್ದರೆ ಅವು ಚುರುಕಾಗಿ ಚರ್ಮವನ್ನು ಸುಡುತ್ತವೆ. ಒಂದೆರಡು ದಿನ ಬಿಟ್ಟು ಕೆಂಪಾಗುತ್ತದೆ, ಬೊಬ್ಬೆ ಏಳಬಹುದು, ಆಮೇಲೆ ಉಳಿಯುವುದು ಮತ್ತೊಂದು ಕಪ್ಪು. ಕೊಬ್ಬರಿ ಎಣ್ಣೆಯ ಮೇಲೆ ನನಗೆ ದ್ವೇಷವಿಲ್ಲ. ಮುಚ್ಚಿದ ಗಾಯದ ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ. ಅದು ಬಿಸಿಲು ತಡೆಯುತ್ತದೆ ಅಂತ ಮಾತ್ರ ನಂಬಬೇಡಿ. ಅಜ್ಜಿಯ ನಿಂಬೆಗಿಂತ ಅಪಾಯದ್ದು ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವ 'ಕಲೆ ಹೋಗುವ' ಕ್ರೀಮುಗಳು. ಹಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಇನ್ನೊಂದು ರೋಗ ಹಿಡಿಯುತ್ತದೆ.

ಕೈ ಮೇಲಿನ ಗೀಟು ನನಗೆ ದೊಡ್ಡ ವಿಷಯವೇನಲ್ಲ. ಹುಡುಗರ ಮಧ್ಯೆ ಅದಕ್ಕೆ ಒಂಚೂರು ಗತ್ತೂ ಇದೆ. ಇದನ್ನೆಲ್ಲ ಕೂತು ಓದುವಂತೆ ಮಾಡಿದ್ದು ಚಿಕ್ಕಮ್ಮ. ಹೋದ ಜೂನ್‌ನಲ್ಲಿ ಅವರಿಗೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಕತ್ತಿನ ಬುಡದಲ್ಲಿ ಅಡ್ಡಕ್ಕೆ ಒಂದು ಗೀಟು. ಊರಲ್ಲಿ ರಾಗಿ ಹೊಲ, ದಿನವೆಲ್ಲ ಬಿಸಿಲು. ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ನಾನು ಹೋದಾಗ ಮೊದಲು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. "ಇಂಗೇ ಆಗ್ತದಾ ಮಗ ನಂದೂವೆ? ನೋಡ್ದೋರೆಲ್ಲ ಕತ್ತಿಗೇನ್ ಮಾಡ್ಕಂಡೆ ಅಂತಾರೆ. ಕೇಳ್ದಲೇ ಸುಮ್ನೆ ನೋಡೋರು ಅದ್ಕಿಂತ ಮೋಸ." ಅವರ ತಮ್ಮನ ಮಗಳ ಮದುವೆಗೆ ಅವರು ಹೋಗಿರಲಿಲ್ಲ. ಕಾಲುನೋವು ಅಂತ ಹೇಳಿ ಕಳಿಸಿದ್ದರಂತೆ.

ನಾನು ಸನ್‌ಸ್ಕ್ರೀನ್ ಟ್ಯೂಬು ಕೊಟ್ಟೆ. ಕಳೆ ಕೀಳುವವರಿಗೆ ಎರಡು ಗಂಟೆಗೊಮ್ಮೆ ಕೈ ತೊಳೆದು ಕನ್ನಡಿ ಹುಡುಕಿ ಹಚ್ಚಿಕೊಳ್ಳುವುದು ಆಗದ ಮಾತು ಅಂತ ಎರಡನೇ ದಿನಕ್ಕೇ ಗೊತ್ತಾಯಿತು. ಆಮೇಲೆ ಉಪಾಯ ಹುಡುಕಿದ್ದು ಅವರೇ. ಹಳೇ ಕರೀ ಹತ್ತಿ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಕತ್ತಿಗೆ ಸುತ್ತಿ ಹಿಂದೆ ಗಂಟು. ಹೊಲಕ್ಕೆ ಹೋಗುವಾಗ ಅದು, ಸಂತೆಗೆ ಮದುವೆಗೆ ಹೋಗುವಾಗ ಟ್ಯೂಬು. ಸೆಕೆ ಅಂತ ಗೊಣಗುತ್ತಲೇ ಸುಗ್ಗಿವರೆಗೂ ಕಟ್ಟಿಕೊಂಡರು. ಈಗ ಒಂಬತ್ತು ತಿಂಗಳು. ಗೀಟು ಕತ್ತಿನ ಮಡಿಕೆಯಲ್ಲಿ ಸೇರಿಕೊಂಡಿದೆ, ತಿಳಿಯಾಗಿದೆ. ಅದು ಸೀರೆ ತುಂಡಿನಿಂದಲೇ ಅಂತ ನಾನು ಸಾಧಿಸಲಾರೆ, ಅವರಿಗೆ ಕಟ್ಟದೇ ಬಿಟ್ಟ ಅರ್ಧ ಕತ್ತು ಇರಲಿಲ್ಲವಲ್ಲ. ಹಾಗೆ ಬಿಟ್ಟು ನೋಡಿದ ಮೂರ್ಖ ನಾನೊಬ್ಬನೇ.

ಇಷ್ಟು ಹೇಳಿ ಒಂದು ಮಿತಿಯನ್ನೂ ಹೇಳಬೇಕು. ಬಿಸಿಲಿನಿಂದ ಕಾಪಾಡಿದರೆ ಕಲೆ ಕಪ್ಪಾಗುವುದು ತಪ್ಪುತ್ತದೆ, ಕಲೆಯೇ ಮಾಯವಾಗಲ್ಲ. ಗೀಟು ಉಬ್ಬಿ, ತುರಿಸುತ್ತಾ, ಗಾಯದ ಅಂಚು ದಾಟಿ ಬೆಳೆಯುತ್ತಿದ್ದರೆ ಅದು ಕೀಲಾಯ್ಡ್ ಇರಬಹುದು. ಎದೆ, ಭುಜ, ಕಿವಿ ಹಾಲೆಯಲ್ಲಿ ಹೆಚ್ಚು. ಅದಕ್ಕೆ ಬಟ್ಟೆ ಕ್ರೀಮು ಸಾಲದು, ಸಿಲಿಕೋನ್ ಶೀಟು, ಇಂಜೆಕ್ಷನ್ ಅಂತ ಚಿಕಿತ್ಸೆ ಬೇರೆ ಇದೆ, ಬೇಗ ತೋರಿಸಿ. ಕೆಂಪಾಗಿ ಬಿಸಿಯಾಗಿ ಕೀವು ಬಂದರೆ, ಜ್ವರ ಬಂದರೆ ಅದು ಸೋಂಕು, ಅದೇ ದಿನ ಹೋಗಿ. ಹೊಟ್ಟೆಯ ಮೇಲೆ ಅಪೆಂಡಿಕ್ಸ್ ಗೀಟು ಇರುವವರು ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಿಲ್ಲ, ಅಲ್ಲಿಗೆ ಬಿಸಿಲೇ ಬೀಳಲ್ಲ. ಇಷ್ಟಗಲ ಚರ್ಮ ಮುಚ್ಚಿದರೆ ವಿಟಮಿನ್ ಡಿ ಕಡಿಮೆಯಾಗುತ್ತದೆ ಅಂತ ಹೆದರುವುದೂ ಬೇಡ, ಮೈಯ ಉಳಿದ ಭಾಗ ಇದೆಯಲ್ಲ.

ನನ್ನ ಪ್ಲೇಟು ಈ ಜೂನ್‌ನಲ್ಲಿ ತೆಗೆಯುತ್ತಾರೆ. ಅದೇ ಗೀಟಿನ ಮೇಲೆ ಮತ್ತೆ ಕುಯ್ಯುತ್ತಾರಂತೆ, ಮೇಲಿಂದ ಕೆಳಗಿನವರೆಗೆ ಪೂರ್ತಿ ಹನ್ನೊಂದು ಸೆಂಟಿಮೀಟರ್. ಫುಲ್ ತೋಳಿನ ಶರ್ಟು ನಾಲ್ಕು ಹೊಲಿಸಿದ್ದೇನೆ. ಚಿಕ್ಕಮ್ಮ ಫೋನ್ ಮಾಡಿ ಕರೀ ಸೀರೆ ಇನ್ನೂ ಅರ್ಧ ಉಳಿದಿದೆ, ಕಳಿಸ್ಲಾ ಅಂತ ಕೇಳಿದರು.